ದಾಕ್ಷಿಣ್ಯಕ್ಕೆ ಕೊಟ್ಟ ನಂಬರ್

ಮೊನ್ನೆ ಚಪ್ಪಲಿ ತಗೊಳ್ಳೋಕೆ ಹೋಗಿದ್ದೆ. ಮೈಸೂರಿನ ಒಂದು ದೊಡ್ಡ ಅಂಗಡಿ. ಆರಿಸಿದ್ದಾಯಿತು, ಹಾಕಿಕೊಂಡು ನಾಲ್ಕು ಹೆಜ್ಜೆ ಓಡಾಡಿ ನೋಡಿದ್ದಾಯಿತು, ಕೌಂಟರಿಗೆ ಬಂದೆ. ಅಲ್ಲಿದ್ದ ಹುಡುಗಿ ಡಬ್ಬಿಯನ್ನು ಸ್ಕ್ಯಾನ್ ಮಾಡಿ, ತಲೆ ಎತ್ತದೇ, "ನಂಬರ್ ಹೇಳಿ ಸರ್" ಅಂದಳು. ದುಡ್ಡು ಎಷ್ಟಾಯಿತು ಅಂತ ಕೂಡ ಇನ್ನೂ ಹೇಳಿರಲಿಲ್ಲ.

ಆವತ್ತು ಬೆಳಗ್ಗೆಯಿಂದ 'ಸಾಲ ಬೇಕಾ ಸರ್' ಅನ್ನೋ ಫೋನು ಮೂರು ಬಂದಿದ್ದವು. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ. "ನಂಬರ್ ಬೇಡಮ್ಮ, ಕ್ಯಾಶ್ ಕೊಡ್ತೀನಿ, ಬಿಲ್ ಕೊಡಿ" ಅಂದೆ. "ನಂಬರ್ ಹಾಕದೇ ಬಿಲ್ ಬರಲ್ಲ ಸರ್." "ಚಪ್ಪಲಿಗೆ ಯಾಕಮ್ಮ ನಂಬರ್?" "ಎಕ್ಸ್‌ಚೇಂಜ್ ಮಾಡೋದಾದ್ರೆ ಬೇಕಾಗತ್ತೆ ಸರ್." "ಮಾಡಲ್ಲ." ಈಗ ಅವಳು ತಲೆ ಎತ್ತಿ ನೋಡಿದಳು. ಮುಖದಲ್ಲಿ ಕೋಪ ಇರಲಿಲ್ಲ, ಸುಸ್ತು ಇತ್ತು. ಬೆಳಗ್ಗೆಯಿಂದ ನಿಂತೇ ಇರುವವರ ಸುಸ್ತು. ನನ್ನ ಹಿಂದೆ ಐದಾರು ಜನ. ಒಬ್ಬಾಕೆ ನಿದ್ದೆ ಹೋದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡಿದ್ದರು. ಅವರ ಹಿಂದಿದ್ದ ಹಿರಿಯರೊಬ್ಬರು, "ಹೇಳಿಬಿಡಿ ಸಾರ್, ನಿಮ್ಮ ನಂಬರ್ ಇಟ್ಕೊಂಡು ಅವರೇನು ಉಪ್ಪಿನಕಾಯಿ ಹಾಕ್ತಾರಾ?" ಅಂದರು. ಒಂದಿಬ್ಬರು ನಕ್ಕರು.

ಹೇಳಿಬಿಟ್ಟೆ. ಹತ್ತೂ ಅಂಕಿ. ಮೊದಲ ಸಲ ಅವಳಿಗೆ ಸರಿಯಾಗಿ ಕೇಳಿಸಲಿಲ್ಲ. ಹಾಗಾಗಿ ಎರಡನೇ ಸಲ ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದೆ. ಬಿಲ್ಲು ಬಂತು. ಚೀಲ ಕೊಡುವಾಗ ಹುಡುಗಿ ಸಣ್ಣ ದನಿಯಲ್ಲಿ, "ಬೇಡ ಅಂದೋರಿಗೆ ನಾವೇ ಯಾವುದಾದ್ರೂ ಒಂದು ನಂಬರ್ ಹಾಕಿಬಿಡ್ತೀವಿ ಸರ್. ಇವತ್ತು ಮ್ಯಾನೇಜರ್ ಇಲ್ಲೇ ನಿಂತಿದ್ದಾರೆ" ಅಂದಳು. ನಾನು ಬೇಡ ಅಂದದ್ದು ಅವಳಿಗೆ ಅರ್ಥವಾಗಿತ್ತು. ನಾನು ಯಾಕೆ ಕೊಟ್ಟೆ ಅನ್ನುವುದೂ ಅರ್ಥವಾಗಿತ್ತು ಅನ್ನಿಸುತ್ತದೆ.

ಮನೆಗೆ ಬರುವ ದಾರಿಯಲ್ಲಿ ಇದೇ ಯೋಚನೆ. ಯಾಕೆ ಕೊಟ್ಟೆ? ಹೆದರಿ ಕೊಟ್ಟಿದ್ದಲ್ಲ. ರಿಯಾಯಿತಿಯ ಆಸೆಗೂ ಅಲ್ಲ. ಇದರಿಂದ ಏನಾಗುತ್ತದೆ ಅಂತ ಗೊತ್ತಿಲ್ಲದೆಯೂ ಅಲ್ಲ. ಮಗು ಎತ್ತಿಕೊಂಡು ನಿಂತಿದ್ದ ಆ ಹೆಂಗಸಿಗೋಸ್ಕರ, ಮ್ಯಾನೇಜರಿನಿಂದ ಬೈಸಿಕೊಳ್ಳಬಹುದಾದ ಹುಡುಗಿಗೋಸ್ಕರ, 'ಇವನೊಬ್ಬ ಕಿರಿಕ್ ಪಾರ್ಟಿ' ಅಂತ ಹಿಂದಿನವರು ಅಂದುಕೊಳ್ಳದಿರಲಿ ಅಂತ ಕೊಟ್ಟೆ. ದಾಕ್ಷಿಣ್ಯಕ್ಕೆ ಬಸುರಾದ ಹಾಗೆ ಅಂತಾರಲ್ಲ, ಆ ಜಾತಿ. (ಗಾದೆ ಕಟ್ಟಿದವರು ಆ ಬಸುರಿಯ ಕಷ್ಟ ಎಂತದು ಅಂತ ಕೇಳಿದ ಹಾಗಿಲ್ಲ. ಅದು ಬೇರೆ ಮಾತು.)

ಬೋರ್ಡು ಮಾತಾಡಲಿ

ನನಗೆ ನಿಯಮ ಗೊತ್ತಿತ್ತು. 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೇ ಅಂಗಡಿಗಳಿಗೆ ಹೇಳಿತ್ತು: ಬಿಲ್ ಮಾಡೋಕೆ ಗಿರಾಕಿಯ ಮೊಬೈಲ್ ನಂಬರ್ ಬೇಕೇ ಬೇಕು ಅಂತ ಹಟ ಹಿಡಿಯಬೇಡಿ, ಅದು ಅನ್ಯಾಯದ ವ್ಯಾಪಾರ ಪದ್ಧತಿ ಅಂತ. ಪೇಪರಲ್ಲಿ ಓದಿ ಖುಷಿಪಟ್ಟಿದ್ದೆ. ಆದರೆ ಕೌಂಟರಿನ ಮುಂದೆ ನಿಂತು ಅದನ್ನು ಹೇಳುವುದು ಹೇಗೆ? "ನೋಡಮ್ಮ, ಕೇಂದ್ರ ಸರ್ಕಾರ ಏನು ಹೇಳಿದೆ ಅಂದ್ರೆ" ಅಂತ ಶುರು ಮಾಡಿದ್ದರೆ ಹಿಂದಿನವರೆಲ್ಲ ಸೇರಿ ನನ್ನನ್ನು ಹೊಸ ಚಪ್ಪಲಿ ಸಮೇತ ಹೊರಗೆ ಕಳಿಸುತ್ತಿದ್ದರು.

ನಾನು ಚಿಕ್ಕವನಿದ್ದಾಗ ನಮ್ಮೂರಿಂದ ಸಾಗರಕ್ಕೆ ಹೋಗುವ ಬಸ್ಸಿನಲ್ಲಿ ಬೀಡಿ ಸೇದುತ್ತಿದ್ದರು. ಮಳೆಗಾಲದಲ್ಲಿ ಕಿಟಕಿಗೆಲ್ಲ ಟಾರ್ಪಾಲು ಇಳಿಬಿಟ್ಟಿರುತ್ತಿತ್ತು. ಒದ್ದೆ ಕಂಬಳಿ, ಡೀಸೆಲ್ಲು, ಬೀಡಿ, ಮೂರೂ ವಾಸನೆ ಸೇರಿ ಹೊಟ್ಟೆ ತೊಳೆಸುತ್ತಿತ್ತು. ಅಮ್ಮ ಸೆರಗು ಮೂಗಿಗೆ ಹಿಡಿದು ಕೂತಿರುತ್ತಿದ್ದಳು. ಒಂದು ದಿನವೂ "ಬೀಡಿ ಆರಿಸಿ" ಅಂದವಳಲ್ಲ. ಸೇದುವವರು ಪಕ್ಕದ ಊರಿನವರು, ಅಡಿಕೆ ಕೊಯ್ಲಿಗೆ ಬರುವವರು, ಮದುವೆ ಮನೆಯಲ್ಲಿ ಎದುರು ಸಿಗುವವರು. ಹೇಗೆ ಹೇಳೋದು? ಬಸ್ಸಿನಲ್ಲಿ 'ಧೂಮಪಾನ ನಿಷೇಧಿಸಿದೆ' ಅಂತ ಬರೆದಿರುತ್ತಿತ್ತು. ಆದರೆ ಅದಕ್ಕೆ ಯಾರೂ ಕಿಮ್ಮತ್ತು ಕೊಡುತ್ತಿರಲಿಲ್ಲ. ನಿಧಾನಕ್ಕೆ ಕಂಡಕ್ಟರುಗಳು ಆ ಬರಹಕ್ಕೆ ಬೆರಳು ತೋರಿಸತೊಡಗಿದರು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗದಲ್ಲಿ ಸೇದಿದರೆ 200 ರೂಪಾಯಿವರೆಗೆ ದಂಡ ಅಂತ ದೇಶಕ್ಕೆಲ್ಲ ನಿಯಮ ಬಂತು. ಈಗ ಬಸ್ಸಿನಲ್ಲಿ ಬೀಡಿ ಹಚ್ಚುವವರು ಕಾಣುವುದಿಲ್ಲ. ಅಮ್ಮ ಬಾಯಿ ಬಿಡಬೇಕಾಗಿ ಬರಲೇ ಇಲ್ಲ. ಅವಳ ಪರವಾಗಿ ಗೋಡೆಯ ಬರಹ ಮಾತಾಡಿತು.

ನನ್ನ ತಕರಾರು ಇಷ್ಟೇ. ನಮ್ಮ ಹೊಸ ಕಾಯ್ದೆ ಗೋಡೆಯ ಕೈಲಿ ಮಾತಾಡಿಸುವ ಬದಲು ನನ್ನ ಕೈಲಿ ಮಾತಾಡಿಸಲು ನೋಡುತ್ತದೆ. ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು. ಅದರ ನಿಯಮಗಳು ಬರೋಕೆ 2025ರ ನವೆಂಬರ್ ಆಯಿತು. ಕಂಪನಿಗಳು ಪಾಲಿಸಬೇಕಾದ ಮುಖ್ಯ ಭಾಗಗಳಿಗೆ ಅಲ್ಲಿಂದ ಇನ್ನೂ 18 ತಿಂಗಳು ಗಡುವು. ಕಾಯ್ದೆಯ ಜೀವ ಇರುವುದು ಒಂದು ಪದದಲ್ಲಿ: ಒಪ್ಪಿಗೆ. ಅದು ಹೇಗಿರಬೇಕು ಅಂತಲೂ ಬರೆದಿದ್ದಾರೆ. ಯಾರ ಬಲವಂತವೂ ಇಲ್ಲದೆ, ಇಂಥದ್ದೇ ಕೆಲಸಕ್ಕೆ ಅಂತ ತಿಳಿದು, ಷರತ್ತಿಲ್ಲದೆ, ಸ್ಪಷ್ಟವಾಗಿ ಕೊಟ್ಟಿರಬೇಕು. ಆ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಮಾಹಿತಿ ತಗೊಳ್ಳಬೇಕು. ತಗೊಂಡ ಮಾಹಿತಿಯನ್ನು ಸರಿಯಾಗಿ ಕಾಪಾಡದಿದ್ದರೆ 250 ಕೋಟಿವರೆಗೂ ದಂಡ ಹಾಕಬಹುದು. ಓದೋಕೆ ಚೆನ್ನಾಗಿದೆ, ನಿಜವಾಗಲೂ. ಒಪ್ಪಿಗೆ ಕೇಳುವ ನೋಟೀಸನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕಂತೆ. ಅಂದರೆ ಕನ್ನಡದಲ್ಲೂ. ಆ ಕನ್ನಡ ಯಾವ ಕನ್ನಡ ಅನ್ನುವುದೇ ನನ್ನ ಹೆದರಿಕೆ. ಬ್ಯಾಂಕಿನ ಫಾರ್ಮಿನ ಕನ್ನಡ ಓದಿ ಅರ್ಥವಾಗದೆ ಇಂಗ್ಲಿಷ್ ಕಡೆ ತಿರುಗಿಸಿದವರಲ್ಲಿ ನಾನೂ ಒಬ್ಬ.

ಆದರೆ ಚಪ್ಪಲಿ ಅಂಗಡಿಯಲ್ಲಿ ನಾನು ಕೊಟ್ಟದ್ದು ಒಪ್ಪಿಗೆಯಾ? ಕಾನೂನಿನ ಕಣ್ಣಲ್ಲಿ ಹೌದೇನೋ. ಯಾರೂ ಕೈ ತಿರುವಲಿಲ್ಲ. ನಾನೇ ಬಾಯಾರೆ ಹೇಳಿದೆ, ಎರಡು ಸಲ. ದಾಕ್ಷಿಣ್ಯವನ್ನು ಬಲವಂತದ ಪಟ್ಟಿಗೆ ಸೇರಿಸುವ ಕಾನೂನು ಪ್ರಪಂಚದಲ್ಲಿ ಎಲ್ಲೂ ಇರಲಿಕ್ಕಿಲ್ಲ. ಕಾಯ್ದೆ ಪೂರ್ತಿ ಜಾರಿಯಾದ ಮೇಲೆ ದೂರು ಕೊಡಬಹುದು, ಅದಕ್ಕೆ ಮಂಡಳಿ ಇದೆ, ಎಲ್ಲಾ ಆನ್‌ಲೈನ್. ಆದರೆ ಸುಳ್ಳು ದೂರು, ಹುರುಳಿಲ್ಲದ ದೂರು ಕೊಟ್ಟರೆ ಕೊಟ್ಟವನಿಗೇ 10,000 ರೂಪಾಯಿವರೆಗೆ ದಂಡ. ಒಂದು ಜೊತೆ ಚಪ್ಪಲಿಗೆ ಇಷ್ಟೆಲ್ಲಾ ಯಾರು ಮೈಮೇಲೆ ಎಳೆದುಕೊಳ್ಳುತ್ತಾರೆ? 'ಬೇಡ ಅನ್ನುವ ಹಕ್ಕು ನಿನಗಿದೆ' ಅನ್ನುವುದಕ್ಕೂ 'ಅವನು ಕೇಳುವ ಹಾಗೇ ಇಲ್ಲ' ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಮೊದಲನೆಯದು ಜಗಳಗಂಟರಿಗೆ ಮಾತ್ರ ಸಿಗುವ ಹಕ್ಕು.

ಹಾಲಿನ ಲೆಕ್ಕ

ಎರಡು ವರ್ಷದ ಹಿಂದೆ ಮನೆಯವರೆಲ್ಲ ಸೇರಿ ಒಂದು ಕ್ಷೇತ್ರಕ್ಕೆ ಹೋಗಿದ್ದೆವು. ರಾತ್ರಿ ಹನ್ನೊಂದು ದಾಟಿತ್ತು. ಲಾಡ್ಜಿನಲ್ಲಿ ರೂಮು ಕೇಳಿದರೆ ಎಲ್ಲರ ಆಧಾರ್ ಜೆರಾಕ್ಸ್ ಕೊಡಿ ಅಂದರು. ಮಕ್ಕಳದ್ದೂ ಬೇಕಂತೆ. ಅವರ ಹತ್ತಿರವೇ ಜೆರಾಕ್ಸ್ ಮಷಿನ್ ಇತ್ತು, ಒಂದಕ್ಕೆ ಹತ್ತು ರೂಪಾಯಿ. ಮಕ್ಕಳು ಸೋಫಾದ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆ ಹೋಗಿದ್ದರು. ಅಂಥಾ ಹೊತ್ತಲ್ಲಿ ಹಕ್ಕಿನ ಮಾತು ಆಡುವವನು ಗಂಡಸೇ ಅಲ್ಲ ಅನ್ನುವ ಹಾಗೆ ನನ್ನ ಹೆಂಡತಿ ನೋಡಿದಳು. ಕೊಟ್ಟೆ.

ಬೆಳಗ್ಗೆ ಕೀ ವಾಪಸ್ ಕೊಡೋಕೆ ಹೋದಾಗ ಮ್ಯಾನೇಜರ್ ಏನೋ ಲೆಕ್ಕ ಮಾಡುತ್ತಿದ್ದರು. ಮುಂದಿದ್ದ ಹಾಳೆಯಲ್ಲಿ 'ಹಾಲು 14, ಮೊಸರು 6' ಅಂತ ಪೆನ್ಸಿಲ್ಲಿನಲ್ಲಿ ಬರೆದಿತ್ತು. ಫ್ಯಾನಿನ ಗಾಳಿಗೆ ಹಾಳೆ ಮಗುಚಿಕೊಂಡಿತು. ಅದರ ಇನ್ನೊಂದು ಮುಖದಲ್ಲಿ ಯಾರೋ ಒಬ್ಬ ಅಜ್ಜನ ಫೋಟೊ, ಜೆರಾಕ್ಸಿನಲ್ಲಿ ಕಪ್ಪಾಗಿ ಕಣ್ಣು ಮಾತ್ರ ಕಾಣುತ್ತಿತ್ತು, ಕೆಳಗೆ ದಪ್ಪ ಅಕ್ಷರದಲ್ಲಿ ಹನ್ನೆರಡು ಅಂಕಿ. ನಮ್ಮ ಹಾಳೆಗಳ ಮೇಲೆ ಇವತ್ತಿನ ಮೊಸರಿನ ಲೆಕ್ಕ ಬರುತ್ತದೆ ಅಂದುಕೊಂಡು ಹೊರಟೆ. ಆ ಮನುಷ್ಯ ಕೆಟ್ಟವನಲ್ಲ. ಕಾಗದ ಹಾಳು ಮಾಡಬಾರದು ಅನ್ನುವ ಹಳೇ ಕಾಲದ ಜೀವ, ಅಷ್ಟೆ.

ಇದರಲ್ಲಿ ಒಂದು ತಮಾಷೆಯ ಕಥೆ ಇದೆ. 2022ರ ಮೇ ಕೊನೆಯಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ದುರುಪಯೋಗ ಆಗಬಹುದು, ಕೊಡಲೇಬೇಕಿದ್ದರೆ ಕೊನೆಯ ನಾಲ್ಕೇ ಅಂಕಿ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಿ, ಲೈಸೆನ್ಸ್ ಇಲ್ಲದ ಹೋಟೆಲಿನವರು, ಸಿನಿಮಾ ಮಂದಿರದವರು ಜೆರಾಕ್ಸ್ ಇಟ್ಟುಕೊಳ್ಳುವಂತಿಲ್ಲ ಅಂತ. ಸರಿಯಾದ ಮಾತು. ಎರಡೇ ದಿನಕ್ಕೆ ಸರ್ಕಾರ ಅದನ್ನು ವಾಪಸ್ ತಗೊಂಡಿತು. ಜನ ತಪ್ಪು ಅರ್ಥ ಮಾಡಿಕೊಳ್ಳಬಹುದು ಅನ್ನುವುದು ಕಾರಣ. ಜನ ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು ಅಂತ ನನ್ನ ಅಭಿಪ್ರಾಯ. ಬೆಂಗಳೂರಿನ ಯಾರೋ ಒಬ್ಬ ಅಧಿಕಾರಿ ಒಂದು ವಾರಾಂತ್ಯದ ಮಟ್ಟಿಗೆ ನಮಗೊಂದು ಬೋರ್ಡು ಬರೆದುಕೊಟ್ಟಿದ್ದ. ಅದನ್ನು ಅಳಿಸಿದರು.

ದಾಕ್ಷಿಣ್ಯ ಬಿಟ್ಟು 'ಬೇಡ' ಅಂದವರೂ ನಮ್ಮವರೇ ಒಬ್ಬರು. ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಸಂಸತ್ತಿನಲ್ಲಿ ಕಾನೂನೇ ಮಾಡದೆ ಜನರ ಬೆರಳಚ್ಚು, ಕಣ್ಣಿನ ಗುರುತು ಹೇಗೆ ತಗೊಳ್ಳುತ್ತೀರಿ ಅನ್ನುವುದು ಅವರ ಪ್ರಶ್ನೆ. ಆ ಹೊತ್ತಿಗೆ ಆಧಾರ್ ಶುರುವಾಗಿ ಎರಡು ವರ್ಷವಾಗಿತ್ತು. ಅದರ ಮಸೂದೆಯನ್ನು ಸಂಸತ್ತಿನ ಸ್ಥಾಯಿ ಸಮಿತಿ 2011ರಲ್ಲೇ ಒಪ್ಪದೆ ವಾಪಸ್ ಕಳಿಸಿತ್ತು. ವಾದ ಬೆಳೆಯುತ್ತಾ ಹೋಗಿ, ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಕೇಂದ್ರ ಸರ್ಕಾರದ ವಕೀಲರು ಹೇಳುವ ಮಟ್ಟಕ್ಕೆ ಬಂತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಹೌದು, ಅದು ಮೂಲಭೂತ ಹಕ್ಕು ಅಂದರು. ಪುಟ್ಟಸ್ವಾಮಿ ಅನ್ನುವುದು ನಮ್ಮ ಮನೆಯಿಂದ ಮೂರು ಮನೆ ಆಚೆ ಇರಬಹುದಾದ ಹೆಸರು. ಈಗ ಕಾನೂನು ಓದುವ ಹುಡುಗರು ಖಾಸಗಿತನ ಅಂದ ಕೂಡಲೇ ಆ ಹೆಸರು ಹೇಳುತ್ತಾರೆ. ನನಗೆ ಅದೊಂದು ಸಣ್ಣ ಹೆಮ್ಮೆ. ಅವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. 98 ವರ್ಷ ತುಂಬು ಬಾಳು.

2018ರ ಸೆಪ್ಟೆಂಬರಿನಲ್ಲಿ ಅದೇ ಕೇಸಿನ ಇನ್ನೊಂದು ತೀರ್ಪು ಬಂತು. ಸರ್ಕಾರದ ಸವಲತ್ತಿಗೆ ಆಧಾರ್ ಕೇಳಬಹುದು, ಮೊಬೈಲ್ ಸಿಮ್ಮಿಗೆ, ಬ್ಯಾಂಕ್ ಖಾತೆಗೆ ಕಡ್ಡಾಯ ಮಾಡುವಂತಿಲ್ಲ ಅಂತ. ತೀರ್ಪು ಬಂದ ಮೇಲೆ ನಾನೊಂದು ಸಿಮ್ ತಗೊಂಡೆ. ಅಂಗಡಿಯವನು "ಆಧಾರ್ ಕೊಡಿ ಸರ್, ಬೇಗ ಆಗತ್ತೆ" ಅಂದ. ಕಡ್ಡಾಯ ಅನ್ನಲಿಲ್ಲ, ಬೇಗ ಆಗತ್ತೆ ಅಂದ. ಕೊಟ್ಟೆ.

ಹೆಬ್ಬೆಟ್ಟು

ಇಲ್ಲಿಯವರೆಗೂ ನಾನು ಒಳ್ಳೆಯವನು, ಕೇಳುವವರು ಕೆಟ್ಟವರು. ಬರೆಯೋಕೆ ಸುಲಭ. ಈಗಿನದು ಅಷ್ಟು ಸುಲಭ ಅಲ್ಲ.

ಅಮ್ಮ ಊರಲ್ಲಿ ಅಣ್ಣ, ಅತ್ತಿಗೆ ಜೊತೆ ಇದ್ದಾಳೆ. ಜೀವಮಾನವೆಲ್ಲ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಕೈ. ಕೊಯ್ಲಿನ ಕಾಲದಲ್ಲಿ ಬೆರಳೆಲ್ಲ ಕಪ್ಪು, ಕರೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಗೆರೆಗಳು ಸವೆದು ಹೆಬ್ಬೆರಳು ನುಣ್ಣಗಾಗಿದೆ. ರೇಷನ್ ಅಂಗಡಿಯಲ್ಲಿ ಥಂಬ್ ಕೊಡುವಾಗ ಮಷಿನ್ನು ಅವಳನ್ನು ಗುರುತು ಹಿಡಿಯುವುದಿಲ್ಲ. ತಲೆಗೆ ಒರೆಸಿಕೊಂಡು ಒತ್ತು, ಸ್ವಲ್ಪ ಎಣ್ಣೆ ಹಚ್ಚಿ ಒತ್ತು, ಈ ಬೆರಳು ಬೇಡ ಆ ಬೆರಳು ಒತ್ತು. ನಡುವೆ ಸರ್ವರ್ ಹೋಗುತ್ತದೆ. ನಮ್ಮ ಕಡೆ 'ಹೆಬ್ಬೆಟ್ಟು' ಅಂದರೆ ಬೈಗುಳ. ಓದು ಬರಹ ಬಾರದವರನ್ನು ಹಾಗೆ ಕರೆಯುತ್ತಿದ್ದರು. ಅಮ್ಮ ಏಳನೇ ಕ್ಲಾಸು ಓದಿದವಳು, ದುಂಡಗೆ ಸಹಿ ಹಾಕುತ್ತಾಳೆ. "ಸಹಿ ಹಾಕ್ತೀನಿ ಅಂದ್ರೆ ಬೇಡ ಅಂತಾರೆ ಮಾರಾಯ, ಎಲ್ಲರನ್ನೂ ಹೆಬ್ಬೆಟ್ಟು ಮಾಡಿ ಕೂರಿಸಿದ್ರು" ಅನ್ನುತ್ತಾಳೆ.

2023ರಲ್ಲಿ ಗೃಹಲಕ್ಷ್ಮಿ ಶುರುವಾಯಿತು. ಅಮ್ಮನ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಖಾತೆಗೆ ಮೊಬೈಲ್ ನಂಬರ್ ಬೇಕಲ್ಲ, ಆಗ ಅಮ್ಮನ ಹತ್ತಿರ ಫೋನ್ ಇರಲಿಲ್ಲ. ನನ್ನ ನಂಬರ್ ಕೊಟ್ಟಿದ್ದೆವು. ಅದೇ ವರ್ಷ ಬೆಂಗಳೂರಿನ ಸುದ್ದಿ ಕೇಳಿ ಎಲ್ಲರೂ ಗಾಬರಿಯಾಗಿದ್ದರು. ಜಮೀನು, ಸೈಟು ನೋಂದಣಿ ಮಾಡಿಸುವಾಗ ಒತ್ತಿದ ಬೆರಳಚ್ಚನ್ನೇ ನಕಲು ಮಾಡಿ ಜನರ ಖಾತೆಯಿಂದ ಹಣ ಎತ್ತುತ್ತಿದ್ದರು. ಆಧಾರ್ ಮೂಲಕ ಹಣ ತೆಗೆಯುವ ಸಣ್ಣ ಮಷಿನ್ನಿಗೆ ಓಟಿಪಿ ಬೇಡ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳು, ಅಷ್ಟು ಸಾಕು. ಪಾಸ್‌ವರ್ಡ್ ಕಳುವಾದರೆ ಬೇರೆ ಇಟ್ಟುಕೊಳ್ಳಬಹುದು. ಬೆರಳಿಗೆ ಎಲ್ಲಿಗೆ ಹೋಗೋದು? ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಅಂತ ಎಲ್ಲಾ ಕಡೆ ಹೇಳಿದರು. ಅಮ್ಮನದು ಲಾಕ್ ಮಾಡಿದರೆ ರೇಷನ್ನಿಗೆ ಥಂಬ್ ಕೊಡುವಾಗ ಮತ್ತೆ ರಗಳೆ. ಹಾಗಾಗಿ ಲಾಕ್ ಬೇಡ, ನಾನೇ ಕಣ್ಣಿಟ್ಟಿರುತ್ತೇನೆ ಅಂತ ತೀರ್ಮಾನ ಮಾಡಿದೆ. ಯಾರನ್ನೂ ಕೇಳಲಿಲ್ಲ.

ಊರಿನ ಸರ್ಕಲ್ಲಿನಲ್ಲಿ ಒಂದು ಅಂಗಡಿ ಇದೆ, ಥಂಬ್ ಒತ್ತಿದರೆ ದುಡ್ಡು ಕೊಡುತ್ತಾರೆ. ಅಮ್ಮ ಅಲ್ಲಿ ತೆಗೆದ ಕೂಡಲೇ ಮೈಸೂರಿನಲ್ಲಿ ನನ್ನ ಜೇಬು ಟಿಂಗ್ ಅನ್ನುತ್ತಿತ್ತು. ತಕ್ಷಣ ಫೋನ್ ಮಾಡುತ್ತಿದ್ದೆ. "ಅಮ್ಮಾ, ಈಗ ದುಡ್ಡು ತೆಗೆದಿದ್ದು ನೀನೇನಾ?" ಮೊದಮೊದಲು ಅವಳಿಗೆ ಆಶ್ಚರ್ಯ. "ನಿಂಗೆ ಹೆಂಗೆ ಗೊತ್ತಾಯ್ತು ಅಷ್ಟು ದೂರದಲ್ಲಿ?" ಆಮೇಲೆ ಅಭ್ಯಾಸ. "ಹೌದೋ, ನಾನೇ." ಒಂದು ಸಲ ಒಂದೇ ವಾರದಲ್ಲಿ ಎರಡು ಸಲ ಐನೂರು ತೆಗೆದಿದ್ದಳು. "ಎಂತಕ್ಕೆ ಅಮ್ಮ ಇಷ್ಟು ದುಡ್ಡು?" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಹಿತ್ತಲಲ್ಲಿ ಕೋಳಿ ಕೂಗುವುದು ಕೇಳಿಸುತ್ತಿತ್ತು. "ಇತ್ತು ಒಂದು ಖರ್ಚು" ಅಂದಳು.

"ನಿನ್ನ ಒಳ್ಳೇದಕ್ಕೇ ಕೇಳಿದ್ದು" ಅಂದೆ. ಅಂದ ಮೇಲೆ ನನ್ನ ಬಾಯಿಂದ ಬಂದ ಮಾತನ್ನು ಎಲ್ಲೋ ಕೇಳಿದ್ದೇನಲ್ಲಾ ಅನ್ನಿಸಿತು. 2025ರ ನವೆಂಬರ್ ಕೊನೆಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಒಂದು ಆದೇಶ ಕೊಟ್ಟಿತ್ತು: ಇನ್ನು ಮುಂದೆ ಪ್ರತಿ ಹೊಸ ಫೋನಿನಲ್ಲೂ ಸಂಚಾರ್ ಸಾಥಿ ಆ್ಯಪ್ ಮೊದಲೇ ಇರಬೇಕು ಅಂತ. ಕಳ್ಳ ಫೋನು, ಸೈಬರ್ ಮೋಸ ತಡೆಯೋಕೆ, ನಿಮ್ಮ ಒಳ್ಳೇದಕ್ಕೇ. ನಾನು ವಾಟ್ಸಾಪ್ ಗುಂಪಿನಲ್ಲಿ ಉದ್ದುದ್ದ ಬರೆದೆ. ದೇಶದೆಲ್ಲೆಡೆ ಗದ್ದಲವಾಗಿ ಡಿಸೆಂಬರ್ 3ಕ್ಕೆ ಸರ್ಕಾರ ಕಡ್ಡಾಯವನ್ನು ಕೈಬಿಟ್ಟಿತು. ಗೆದ್ದ ಹಾಗೆ ಬೀಗಿದ್ದೆ. ಆ ವಾರವೂ ಅಮ್ಮನ ಮೆಸೇಜುಗಳು ನನ್ನ ಫೋನಿಗೇ ಬರುತ್ತಿದ್ದವು.

ಕಾಯ್ದೆಯಲ್ಲಿ ಒಂದು ಸಾಲು ಇದೆ. ಸ್ವಂತಕ್ಕೆ, ಮನೆಯ ಕೆಲಸಕ್ಕೆ ಒಬ್ಬರು ಬಳಸುವ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಸರಿಯೇ, ಮನೆಮನೆಗೆ ಕಾನೂನು ನುಗ್ಗಿದರೆ ಸಂಸಾರ ಮಾಡೋದು ಹೇಗೆ? ಕೇಂದ್ರ ಸರ್ಕಾರವೂ ಭದ್ರತೆ, ಸಾರ್ವಜನಿಕ ಶಾಂತಿ ಇಂಥ ಕಾರಣ ಕೊಟ್ಟು ತನಗೆ ಬೇಕಾದ ಇಲಾಖೆಗಳನ್ನು ಕಾಯ್ದೆಯಿಂದ ಹೊರಗಿಡಬಹುದು. ಅದನ್ನು ಓದಿ ರೇಗಿದ್ದೆ. ನಾನೂ ಅದೇ ಬಾಗಿಲಿನಿಂದ ಹೊರಗೆ ಹೋದವನು ಅನ್ನುವುದು ಆಮೇಲೆ ಹೊಳೆಯಿತು.

ಸೊನ್ನೆ ಟಿಕೆಟ್

ಅಮ್ಮನಿಗೆ ಖಾಸಗಿತನ ಅನ್ನುವ ಪದ ಗೊತ್ತಿಲ್ಲ. ಅವಳು ಬೆಳೆದ ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವ ಕೋಣೆ ಅಂದರೆ ಬಚ್ಚಲು ಒಂದೇ. ಆದರೆ ಅವಳಿಗೆ ಅದು ಬೇಡವೇ ಬೇಡ ಅಂತ ನಾನು ಅಂದುಕೊಂಡಿದ್ದು ತಪ್ಪು.

ಆಧಾರ್ ಕಾರ್ಡನ್ನು ಅವಳು ಲ್ಯಾಮಿನೇಷನ್ ಮಾಡಿಸಿ ಎಲೆಅಡಿಕೆ ಸಂಚಿಯಲ್ಲೇ ಇಟ್ಟಿರುತ್ತಾಳೆ. ಸುಣ್ಣದ ಡಬ್ಬಿಯ ಪಕ್ಕ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್ 11ರಿಂದ, ಅವಳ ಓಡಾಟವೇ ಬೇರೆ. ನಮ್ಮ ಕಡೆ ಖಾಸಗಿ ಬಸ್ಸು ಜಾಸ್ತಿ. ಅವು ಬಂದು ನಿಂತು ಹಾರ್ನ್ ಹೊಡೆದರೂ ಹತ್ತುವುದಿಲ್ಲ. ಸರ್ಕಾರಿ ಬಸ್ಸು ಬರೋವರೆಗೂ ಮರದ ಕೆಳಗೆ ಕೂರುತ್ತಾಳೆ. ಶಿವಮೊಗ್ಗದಲ್ಲಿ ಚಿಕ್ಕಮ್ಮ ಇದ್ದಾಳೆ. ಅಲ್ಲಿಗೆ ಹೋಗಿ ಬರುತ್ತಾಳೆ, ಅಂತ ನಾವು ಅಂದುಕೊಂಡಿದ್ದೇವೆ.

ಹೋದ ವರ್ಷ ಊರಿಗೆ ಹೋದಾಗ ಬಸ್ ಸ್ಟಾಪಿನಲ್ಲಿ ಅವಳ ಜೊತೆ ಕೂತಿದ್ದೆ. ನನಗೆ ಭಾಷಣ ಮಾಡುವ ಚಟ. "ನೋಡಮ್ಮ, ನೀನು ಕಾರ್ಡ್ ತೋರಿಸ್ತೀಯ, ಎಲ್ಲಿಗೆ ಹೋಗ್ತೀಯ ಅಂತ ಹೇಳ್ತೀಯ, ಒಂದು ದಿನ ಸರ್ಕಾರ ಇದನ್ನೆಲ್ಲ ಬರೆದಿಟ್ಕೊಂಡ್ರೆ?" ಅಂದೆ. ಅಮ್ಮ ಎಲೆಯ ತೊಟ್ಟು ಮುರಿಯುತ್ತಿದ್ದಳು.

"ಬರ್ಕೊಳ್ಳಲಿ ಬಿಡು. ಮುಂಚೆ ಶಿವಮೊಗ್ಗಕ್ಕೆ ಹೋಗ್ಬೇಕು ಅಂದ್ರೆ ನಿಮ್ಮಪ್ಪನ ಹತ್ರ ದುಡ್ಡು ಕೇಳ್ಬೇಕಿತ್ತು. ಎಂತಕ್ಕೆ, ಯಾರನ್ನ ನೋಡೋಕೆ, ಯಾವಾಗ ಬರ್ತಿ, ಎಲ್ಲಾ ಹೇಳ್ಬೇಕು. ಆಮೇಲೆ ನಿನ್ನಣ್ಣನ ಹತ್ರ. ಅವನು ಕೊಡಲ್ಲ ಅಂದಿದ್ದಿಲ್ಲ, ಸುಳ್ಳು ಹೇಳ್ಬಾರ್ದು. ಆದ್ರೆ ಕೇಳ್ಬೇಕಲ್ಲ? ಈಗ ಇದನ್ನ ತೋರ್ಸಿದ್ರೆ ಯಾರೂ ಏನೂ ಕೇಳಲ್ಲ."

ಯಾರೂ ಏನೂ ಕೇಳಲ್ಲ. ಒಂಬತ್ತು ನ್ಯಾಯಮೂರ್ತಿಗಳು ಐನೂರಕ್ಕೂ ಹೆಚ್ಚು ಪುಟ ಬರೆದ ವಿಷಯವನ್ನು ಅವಳು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದಳು. ನಾನು ಸರ್ಕಾರ ಮತ್ತು ನಾನು ಅಂತ ಎರಡೇ ಕಡೆ ಇಟ್ಟುಕೊಂಡು ಲೆಕ್ಕ ಹಾಕುತ್ತಿದ್ದೆ. ಅವಳ ಲೆಕ್ಕದಲ್ಲಿ ನಡುವೆ ಗಂಡ ಇದ್ದ, ದೊಡ್ಡ ಮಗ ಇದ್ದ, ಮೈಸೂರಿನಲ್ಲಿ ಕೂತು ಫೋನ್ ಮಾಡುವ ಚಿಕ್ಕ ಮಗ ಇದ್ದ. ಗುರುತು ಪರಿಚಯ ಇಲ್ಲದ ಕಂಡಕ್ಟರಿಗೆ ಒಂದು ಕಾರ್ಡು ತೋರಿಸಿ ಅವಳು ನಮ್ಮೆಲ್ಲರಿಂದ ಒಂದು ದಿನ ಬಿಡಿಸಿಕೊಳ್ಳುತ್ತಿದ್ದಳು. ಹಾಗಂತ ಸರ್ಕಾರ ಬರೆದಿಟ್ಟುಕೊಂಡರೆ ಪರವಾಗಿಲ್ಲ ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಅವಳ ಹತ್ತಿರ ವಾದ ಮಾಡುವ ಮುಖ ಮಾತ್ರ ನನಗಿರಲಿಲ್ಲ.

ಎಲೆ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು. "ನನ್ನ ಪಾಸ್‌ಬುಕ್ಕಿಗೆ ನಿನ್ನ ನಂಬರ್ ಹಾಕಿದ್ದಲ್ಲ, ಅದನ್ನ ತೆಗೆಯೋಕೆ ಬರ್ತದಾ?" ಚಿಕ್ಕಮ್ಮನ ಮಗಳು ಅವಳಿಗೊಂದು ಬಟನ್ ಫೋನ್ ಕೊಡಿಸಿದ್ದಳಂತೆ. ನಾಲ್ಕು ತಿಂಗಳಾಗಿತ್ತಂತೆ. ನನಗೆ ಗೊತ್ತೇ ಇರಲಿಲ್ಲ.

ಎರಡೂವರೆ ವರ್ಷ ಅವಳು ಸುಮ್ಮನಿದ್ದದ್ದು ಒಪ್ಪಿಗೆ ಅಂತ ನಾನು ತಿಳಿದಿದ್ದೆ. ಮಗನ ಹತ್ತಿರ ಬೇಡ ಅನ್ನೋದು ಹೇಗೆ ಅಂತ ಸುಮ್ಮನಿದ್ದಳು.

ನಾನು ತಕ್ಷಣ ಹೂಂ ಅಂದೆ, ಆದರೆ ತಕ್ಷಣ ಮಾಡಲಿಲ್ಲ. ಮುಂದಿನ ಸಲ ಬಂದಾಗ ನೋಡೋಣ ಅಂದೆ. ಆಮೇಲಿನ ಸಲ ಬ್ಯಾಂಕಿಗೆ ರಜೆ. ಅವಳಿಗೆ ಮೋಸ ಆಗಿಬಿಟ್ಟರೆ ಅನ್ನುವ ಹೆದರಿಕೆ ನಿಜವಾಗಿಯೂ ಇತ್ತು. ಆ ಟಿಂಗ್ ಕೇಳಿದಾಗ ಅಮ್ಮ ಚೆನ್ನಾಗಿದ್ದಾಳೆ, ಸರ್ಕಲ್ಲಿನವರೆಗೆ ನಡೆದುಕೊಂಡು ಹೋಗಿದ್ದಾಳೆ ಅಂತ ಸಮಾಧಾನವೂ ಆಗುತ್ತಿತ್ತು. ಅದನ್ನು ಬಿಟ್ಟುಕೊಡೋಕೆ ಮನಸ್ಸಿರಲಿಲ್ಲ.

ಕೊನೆಗೆ ಈ ಜನವರಿಯಲ್ಲಿ ಹೋದೆವು. ಬ್ಯಾಂಕಿನಲ್ಲಿ ಒಂದು ಫಾರ್ಮು, ಅಮ್ಮನ ದುಂಡು ಸಹಿ, ಜೊತೆಗೆ ಆಧಾರ್ ಜೆರಾಕ್ಸ್. ನಾನು ಮಾಸ್ಕ್ ಮಾಡಿದ್ದು ತೆಗೆಸಿಕೊಂಡು ಹೋಗಿದ್ದೆ. "ಇದು ನಡೆಯಲ್ಲ, ಫುಲ್ ನಂಬರ್ ಇರೋದು ಕೊಡಿ" ಅಂದರು. ಹಿಂದೆ ದೊಡ್ಡ ಸಾಲು. ಕೊಟ್ಟೆ. ಕೌಂಟರಿನಲ್ಲಿದ್ದಾಕೆ ಕಂಪ್ಯೂಟರ್ ನೋಡಿ, ನನ್ನನ್ನು ನೋಡಿ, ಅಮ್ಮನಿಗೆ ಹೇಳಿದರು. "ಮಗನ ನಂಬರ್ ಇದೆಯಲ್ಲ ಅಮ್ಮ, ಅದೇ ಇರಲಿ ಬಿಡಿ. ನಿಮ್ಮ ಸೇಫ್ಟಿಗೆ ಒಳ್ಳೇದು. ಈಗೆಲ್ಲ ಮೋಸ ಜಾಸ್ತಿ."

ನಾನು ಅಮ್ಮನ ಮುಖ ನೋಡಿದೆ. ಈಗ ಅವಳು 'ಹೌದಲ್ವಾ, ಇರಲಿ ಬಿಡಿ' ಅನ್ನುತ್ತಾಳೆ ಅಂದುಕೊಂಡೆ. ಸಾಲಿನಲ್ಲಿದ್ದ ನಮ್ಮೂರಿನವರೇ ಒಬ್ಬರು "ಹೌದು ಅಮ್ಮಾ, ಹುಡುಗನದ್ದೇ ಇರಲಿ" ಅಂತ ದನಿಗೂಡಿಸಿದರು.

"ಇಲ್ಲ" ಅಂದಳು ಅಮ್ಮ. "ನಂದೇ ಹಾಕಿ." ಸಂಚಿಯಿಂದ ಒಂದು ಚೀಟಿ ತೆಗೆದು ಗಾಜಿನ ಕಿಂಡಿಯೊಳಗೆ ತಳ್ಳಿದಳು. ಅವಳ ಹತ್ತಂಕಿ ಅದರಲ್ಲಿ ಬರೆದಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಯಾರಿಗೂ ಕೇಳಿಸಲಿ ಅಂತ ಅವಳಿಗೆ ಇರಲಿಲ್ಲ.

ಹೊರಗೆ ಬಂದು ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಸಂಚಿಯೊಳಗೆ ಟಿಂಗ್ ಅಂತು. ಅಮ್ಮ ಫೋನ್ ತೆಗೆದು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಮೆಸೇಜು ಇಂಗ್ಲಿಷಿನಲ್ಲಿ ಇದ್ದಿರಬೇಕು, ಬ್ಯಾಂಕಿನದು ಹಾಗೇ ಬರುವುದು. ನಾನು ಕೈ ಚಾಚಿದೆ, ಓದಿ ಹೇಳೋಣ ಅಂತ. ಅವಳು ನನ್ನ ಕೈಯನ್ನೊಮ್ಮೆ ನೋಡಿ, ಫೋನನ್ನು ಸುಣ್ಣದ ಡಬ್ಬಿಯ ಪಕ್ಕ ಇಟ್ಟು, ಸಂಚಿಯ ಲಾಡಿ ಎಳೆದು ಗಂಟು ಹಾಕಿದಳು. ಅಷ್ಟರಲ್ಲಿ ಸರ್ಕಾರಿ ಬಸ್ಸು ಬಂತು.